ಹಿತ್ತಲ ಹುಲ್ಲು

ಗೊರೇಬಾಳ
12 ಜುಲೈ 1997

ಅಪ್ಪನವರಿಗೆ,

ಯಂಕಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ, ಎಲ್ಲರೂ ಆರೋಗ್ಯವಾಗಿದ್ದೇವೆ.

ಕಳೆದ ತಿಂಗಳು ನನಗೆ ಇಲ್ಲಿಗೆ ವರ್ಗವಾಯಿತು. ಮುಂದಿನ ಕೋಣೆ ಆರೋಗ್ಯ ಉಪಕೇಂದ್ರ, ಅಲ್ಲಿ ಸೂಜಿ, ಗುಳಿಗೆ, ಒಂದು ಪರೀಕ್ಷೆ ಮಾಡುವ ಮೇಜು. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ನಿಮ್ಮ ಅಳಿಯ ಆದೆಪ್ಪ ಈಗಲೂ ಲಿಂಗಸುಗೂರು ಡಿಪೊದಲ್ಲೇ ಕಂಡಕ್ಟರ್, ವಾರಕ್ಕೆ ಎರಡು ದಿನ ಮನೆಗೆ ಬರುತ್ತಾರೆ. ಉಳಿದ ಐದು ದಿನ ನಾನು ಮತ್ತು ಸುಜಾತ. ನೀವು ನೋಡಿಲ್ಲದ ನಿಮ್ಮ ಮೊಮ್ಮಗಳಿಗೆ ಬರುವ ಸೆಪ್ಟೆಂಬರಿಗೆ ಮೂರು ತುಂಬುತ್ತದೆ.

ನಾನು ಬರೆಯುತ್ತಿರುವುದು ಹಿತ್ತಲಿನ ವಿಷಯಕ್ಕೆ. ಮನೆಯ ಹಿಂದೆ ಕಾಲುವೆಯವರೆಗೆ ಸರ್ಕಾರದ ಜಾಗ ಖಾಲಿ ಬಿದ್ದಿದೆ. ಮೊದಲಿದ್ದ ನರ್ಸಮ್ಮ ಅದನ್ನು ಎರಡು ವರ್ಷ ಮುಟ್ಟಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಬಸಿನೀರು ಹಿತ್ತಲಿಗೇ ಬರುತ್ತದೆ. ಜೊಂಡು, ಕಾಂಗ್ರೆಸ್ ಗಿಡ, ಹೆಸರು ಗೊತ್ತಿಲ್ಲದ ಇನ್ನೇನೋ, ಎಲ್ಲ ಸೇರಿ ನನ್ನ ಎದೆಮಟ್ಟ ಬಂದಿವೆ. ಬಚ್ಚಲ ನೀರು ಚೆಲ್ಲಲು ಬಾಗಿಲು ತೆಗೆದರೆ ಹುಲ್ಲು ಒಳಗೇ ಬಾಗುತ್ತದೆ.

ಮೊನ್ನೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಾವಿನ ಪೊರೆ ಬಿದ್ದಿತ್ತು. ಸುಜಾತ ಅದನ್ನು ಎತ್ತಿಕೊಂಡು ಬಂದು, "ಅವ್ವಾ, ರಿಬ್ಬನ್" ಎಂದಳು.

ಹುಲ್ಲು ಕೊಯ್ಯಿಸಿ ಎಂದು ಕೇಳಿದರೆ ಪಂಚಾಯಿತಿಯವರು ಮುಂದಿನ ತಿಂಗಳು ಎಂದರು. ಕೂಲಿಗೆ ಇಬ್ಬರು ಹೆಂಗಸರನ್ನು ಕರೆದೆ. ಕುಡುಗೋಲು ತಂದು, ಬಾಗಿಲ ಮುಂದೆ ಒಂದು ಚಾಪೆಯಷ್ಟು ಕೊಯ್ದು ಎದ್ದುಬಿಟ್ಟರು. "ನರ್ಸಮ್ಮ, ಕೂಲಿನೂ ಬ್ಯಾಡ, ನಿಮ್ಮ ಚಾನೂ ಬ್ಯಾಡ. ಇದ್ರಾಗ ಹುಳ ಐತಿ. ನಮಗೂ ಮಕ್ಕಳದಾವ" ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಸಿಂಧನೂರಿನಲ್ಲಿ ಔಷಧಿ ಹೊಡೆಯುವ ಪಂಪು ಮಾರುವ ಜಿಲಾನಿಸಾಬರ ಅಂಗಡಿಯಿದೆ. ಅಲ್ಲಿ ಹುಲ್ಲು ಕೊಯ್ಯುವ ಯಂತ್ರಗಳು ಬಂದಿವೆಯಂತೆ. ಒಂದು ಕರೆಂಟಿನದು, ಹಗುರ, ತುದಿಯಲ್ಲಿ ನೈಲಾನ್ ದಾರ ತಿರುಗಿ ಹುಲ್ಲು ಕಡಿಯುತ್ತದೆ. ಇನ್ನೊಂದು ಪೆಟ್ರೋಲಿನದು, ಹೆಗಲಿಗೆ ಹಾಕಿಕೊಳ್ಳುವಂಥದು, ತುದಿಯಲ್ಲಿ ಉಕ್ಕಿನ ಅಲಗು. ಯಾವುದನ್ನು ನಂಬಬಹುದು? ಮೂವತ್ತು ವರ್ಷ ರಸ್ತೆ ದುರಸ್ತಿಯ ಗ್ಯಾಂಗಿನಲ್ಲಿ ಹುಲ್ಲು ಕೊಯ್ಯಿಸಿದವರು ನೀವು. ಬೇರೆ ಯಾರನ್ನೂ ಕೇಳಲು ನನಗೆ ತೋಚಲಿಲ್ಲ. ಬರೆದದ್ದು ಅದಕ್ಕಾಗಿ ಮಾತ್ರ.

ಉತ್ತರ ಬರೆದರೆ ಉಪಕಾರವಾಗುತ್ತದೆ.

ಯಂಕಮ್ಮ


ಮಸ್ಕಿ
19 ಜುಲೈ 1997

ಯಂಕಮ್ಮಳಿಗೆ,

ಕಾಗದ ಮುಟ್ಟಿತು. ಎರಡು ಸಲ ಓದಿದೆ.

ದಾರದ ಯಂತ್ರ ನಿನಗೆ ಬೇಡ. ಕಳೆದ ವರ್ಷ ಪ್ರವಾಸಿ ಮಂದಿರದ ಅಂಗಳಕ್ಕೆ ಅಂಥದೊಂದು ತಂದಿದ್ದರು. ಕರಿಕೆಯಂಥ ಮೆತ್ತಗಿನ ಹುಲ್ಲಿಗೆ ಅದು ಸರಿ. ಜೊಂಡಿಗೆ ಹಾಕಿದರೆ ದಾರ ಸುತ್ತಿಕೊಂಡು ನಿಲ್ಲುತ್ತದೆ. ನಿಂತಾಗಲೆಲ್ಲ ಬಗ್ಗಿ ಕೈಯಿಂದ ಬಿಡಿಸಬೇಕು. ಎತ್ತರದ ಹುಲ್ಲಿನಲ್ಲಿ ಬಗ್ಗುವುದು ಒಳ್ಳೆಯದಲ್ಲ. ಅದರ ಮೇಲೆ ಬಸಿನೀರು ಬೇರೆ ಎಂದು ಬರೆದಿದ್ದಿ. ನೀರಿನಲ್ಲಿ ಕರೆಂಟಿನ ವೈರು ಎಳೆದುಕೊಂಡು ತಿರುಗುವ ಕೆಲಸ ಯಾರೂ ಮಾಡಬಾರದು.

ಪೆಟ್ರೋಲಿನದು ನೋಡುವುದಾದರೆ ಅಂಗಡಿಯವನ ಮಾತು ಕೇಳಬೇಡ, ಯಂತ್ರದ ಮಾತು ಕೇಳು. ನಿನ್ನ ಎದುರಿಗೇ ಚಾಲೂ ಮಾಡಿಸು. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೊಮ್ಮೆ. ಬಿಸಿಯಲ್ಲಿ ಹತ್ತದ ಯಂತ್ರ ಅರ್ಧ ಹುಲ್ಲಿನಲ್ಲಿ ಕೈಬಿಡುತ್ತದೆ. ಅಲಗಿನ ಮೇಲೆ ತಗಡಿನ ಮರೆ ಇದೆಯೇ ನೋಡು. ಅದಿಲ್ಲದಿದ್ದರೆ ಕಲ್ಲು ಸಿಡಿದು ಕಣ್ಣಿಗೆ ಬಡಿಯುತ್ತದೆ. ಅಲಗು, ಪ್ಲಗ್ಗು ಸಿಂಧನೂರಿನಲ್ಲೇ ಸಿಗುತ್ತವೆಯೇ ಕೇಳು.

ಯಾವುದರಿಂದ ಕೊಯ್ದರೂ ಬಾಗಿಲಿನಿಂದ ಸುರುಮಾಡಿ ಹೊರಗೆ ಹೋಗಬೇಕು. ಹೊರಗಿನಿಂದ ಮನೆಯ ಕಡೆಗೆ ಕೊಯ್ಯುತ್ತ ಬಂದರೆ ಒಳಗಿರುವುದೆಲ್ಲ ಮನೆಗೇ ಬರುತ್ತದೆ. ಕಾಲುವೆಯ ಕಡೆ ದಾರಿ ತೆರೆದಿಡು. ಮೊದಲು ಉದ್ದನೆಯ ಬಡಿಗೆಯಿಂದ ಬಡಿದು, ಸ್ವಲ್ಪ ನಿಂತು, ಆಮೇಲೆ ಕಾಲಿಡಬೇಕು. ಮೊಣಕಾಲಿನ ತನಕ ಬೂಟು ಬೇಕು.

ಹುಡುಗಿ ಎಷ್ಟೆತ್ತರ ಇದ್ದಾಳೆ ಬರೆ. ಹುಲ್ಲು ಅವಳಿಗಿಂತ ಎತ್ತರವಿದ್ದರೆ ಹೊರಗೆ ಬಿಡಬೇಡ.

ಗಾಳೆಪ್ಪ
ಗ್ಯಾಂಗ್ ಮೇಸ್ತ್ರಿ


ಗೊರೇಬಾಳ
3 ಆಗಸ್ಟ್ 1997

ಅಪ್ಪನವರಿಗೆ,

ನೀವು ಬರೆದ ಹಾಗೆಯೇ ಮಾಡಿದೆ. ನಿನ್ನೆ ಸುಜಾತಳನ್ನು ಪಕ್ಕದ ಮನೆಯ ಅಂಗನವಾಡಿ ಟೀಚರ್ ಕಸ್ತೂರೆಮ್ಮನ ಹತ್ತಿರ ಬಿಟ್ಟು ನಿಮ್ಮ ಅಳಿಯ ಮತ್ತು ನಾನು ಸಿಂಧನೂರಿಗೆ ಹೋಗಿದ್ದೆವು.

ಪೆಟ್ರೋಲ್ ಯಂತ್ರವನ್ನು ಜಿಲಾನಿಸಾಬರು ಅಂಗಡಿಯ ಮುಂದೆ ತಂದಿಟ್ಟರು. ಹಗ್ಗ ನಾಲ್ಕು ಸಲ ಜಗ್ಗಿದ ಮೇಲೆ ಹತ್ತಿತು. ಆ ಸದ್ದಿಗೆ ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಲ್ಲಿಸಿ ಮತ್ತೆ ಚಾಲೂ ಮಾಡಿ ಎಂದೆ. ಹದಿನೈದು ಸಲ ಜಗ್ಗಿದರೂ ಹತ್ತಲಿಲ್ಲ. ಅವರು ಬೆವರು ಒರೆಸಿಕೊಂಡು ನಕ್ಕರು. "ಯಾರು ಕಲಿಸಿ ಕಳಿಸ್ಯಾರ್ರಿ ಸಿಸ್ಟರ್ ನಿಮಗ? ಗಿರಾಕಿ ಯಾರೂ ಹಿಂಗ ಎರಡನೇ ಸಲ ಕೇಳಂಗಿಲ್ಲ. ಇದನ್ನ ರಿಪೇರಿ ಮಾಡಿಸ್ತೀನಿ, ಈಗ ಒಯ್ಯಬ್ಯಾಡ್ರಿ" ಎಂದರು. ನನ್ನ ತಂದೆ ಎಂದು ಹೇಳಿದೆ.

ಇವರ ಕಣ್ಣು ಆ ದಾರದ ಯಂತ್ರದ ಮೇಲೆಯೇ ಇತ್ತು. ಹಗುರ, ಸದ್ದಿಲ್ಲ, ಗುಂಡಿ ಒತ್ತಿದರೆ ಸಾಕು. ಜಿಲಾನಿಸಾಬರು, "ಇದು ಜೊಂಡಿಗೆ ಆಗಂಗಿಲ್ಲರಿ ಕಂಡಕ್ಟರ್ ಸಾಬ್" ಎಂದರೂ ಇವರು, "ನೋಡೂಣು ತಡೀರಿ" ಎಂದರು. ಇನ್ನೊಮ್ಮೆ ಬಂದು ನಾಲ್ಕು ದಿನದ ಮಟ್ಟಿಗೆ ಒಯ್ದು ನೋಡುತ್ತಾರಂತೆ. ನಿಮ್ಮ ಕಾಗದ ತೋರಿಸಿದೆ. "ನಿಮ್ಮಪ್ಪಾರು ಹಳೇ ಮಂದಿ" ಎಂದರು.

ಇಲ್ಲಿ ದಿನ ಕಳೆಯುವುದು ಕಷ್ಟವಾಗಿದೆ. ಹಿಂದಿನ ಬಾಗಿಲಿಗೆ ಬೀಗ ಹಾಕಿ, ಅದರ ಸಂದಿಗೆ ಹಳೆ ಸೀರೆ ತುರುಕಿದ್ದೇನೆ. ಸುಜಾತಳನ್ನು ನೆಲದ ಮೇಲೆ ಮಲಗಿಸುವುದಿಲ್ಲ, ಉಪಕೇಂದ್ರದ ಪರೀಕ್ಷೆಯ ಮೇಜಿನ ಮೇಲೆ ಮಲಗಿಸುತ್ತೇನೆ. ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕುವ ಮುನ್ನ ಡಬ್ಬಿಯನ್ನು ಬಡಿಯುತ್ತೇನೆ. ಸೂಜಿ ಹಾಕಿಸಿಕೊಳ್ಳಲು ಬರುವವರೆಲ್ಲ ಒಂದೊಂದು ಕಥೆ ಹೇಳುತ್ತಾರೆ. ಅದು ಕೊಳಕುಮಂಡಲ, ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ ಎನ್ನುತ್ತಾರೆ. ಈಗ ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ನಾನು ಎದ್ದು ನಿಲ್ಲುತ್ತೇನೆ. ಮೊನ್ನೆ ಒಂದು ಬಾಣಂತಿಗೆ ಸೂಜಿ ಹಾಕುವಾಗ ಕುಕ್ಕರ್ ಕೂಗಿ, ಸೂಜಿ ಕೆಳಗಿಟ್ಟು ಬಾಗಿಲಿಗೆ ಓಡಿದೆ. ಎಂಟು ವರ್ಷದ ನೌಕರಿಯಲ್ಲಿ ಹಾಗಾದದ್ದು ಮೊದಲ ಸಲ.

ಸುಜಾತ ನನ್ನ ಸೊಂಟದಷ್ಟೂ ಇಲ್ಲ. ಹುಲ್ಲು ಅವಳಿಗಿಂತ ಎತ್ತರವಿದೆ.

ಅಪ್ಪಾ, ಬಾಗಿಲಿನಿಂದ ಹೊರಗೆ ಕೊಯ್ಯಬೇಕು, ಮೊದಲು ಬಡಿಗೆಯಿಂದ ಬಡಿಯಬೇಕು, ಎಲ್ಲ ನಿಮಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಅವ್ವನ ಹಿತ್ತಲನ್ನು ಯಾಕೆ ಹಾಗೆಯೇ ಬಿಟ್ಟಿರಿ?

ಈ ಸಾಲು ಹೊಡೆದುಹಾಕಬೇಕೆಂದು ಪೆನ್ನು ಎತ್ತಿದೆ. ಆದರೆ ಹೊಡೆಯುವುದಿಲ್ಲ.

ಯಂಕಮ್ಮ


ಸಿಂಧನೂರು, ಸರ್ಕಾರಿ ಆಸ್ಪತ್ರೆ
31 ಆಗಸ್ಟ್ 1997

ಅಪ್ಪಾ,

ಈ ಚೀಟಿಯನ್ನು ಮಸ್ಕಿ ಬಸ್ಸಿನ ಕಂಡಕ್ಟರ್ ಸೂಗಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಇವರಿಗೆ ಹುಳ ಮುಟ್ಟಿದೆ.

ನೀನು ಬರೆದ ಹಾಗೆಯೇ ಆಯಿತು. ಇವತ್ತು ಬೆಳಗ್ಗೆ ಆ ದಾರದ ಯಂತ್ರ ತಂದು, ಬೂಟಿಲ್ಲದೆ ಚಪ್ಪಲಿಯಲ್ಲೇ ಇಳಿದರು. ಬಡಿಗೆಯಿಂದ ಬಡಿದು ಇಳಿಯಿರಿ ಎಂದೆ, ಎರಡು ಸಲ ಬಡಿದರು. ಹತ್ತು ಹೆಜ್ಜೆ ಹೋಗುವುದರೊಳಗೆ ಜೊಂಡು ಸುತ್ತಿ ಯಂತ್ರ ನಿಂತಿತು. ಬಗ್ಗಿ ಬಿಡಿಸಿದರು. ಮತ್ತೆ ನಿಂತಿತು. ಮೂರನೆಯ ಸಲ ಬಗ್ಗಿದಾಗ ಆ ಸೀಟಿ ಕೇಳಿಸಿತು. ಕುಕ್ಕರ್ ಎಂದು ಒಂದು ಗಳಿಗೆ ನಾನೂ ಸುಮ್ಮನಿದ್ದೆ ಅಪ್ಪಾ. ಒಂದು ಗಳಿಗೆ. ಅಷ್ಟರಲ್ಲಿ ಇವರು "ಯಂಕೀ" ಎಂದು ಕೂಗಿದರು.

ಬಲಗೈಯ ಮಣಿಕಟ್ಟಿನ ಮೇಲೆ ಎರಡು ಗುರುತು. ಮಂದಿ ಕೂಡಿತು. ಒಬ್ಬ ಬ್ಲೇಡು ತಂದ, ಇನ್ನೊಬ್ಬ ಮಂತ್ರ ಹಾಕುವವನನ್ನು ಕರೆಯಲು ಓಡಿದ. "ಯಾರೂ ಮುಟ್ಟಬ್ಯಾಡ್ರಿ! ಕೊಯ್ಯಬ್ಯಾಡ್ರಿ, ಕಟ್ಟಬ್ಯಾಡ್ರಿ!" ಎಂದು ನಾನು ಚೀರಿದ ಸದ್ದು ನನಗೇ ಹೊಸದಾಗಿತ್ತು. ಒಂದು ರಟ್ಟನ್ನು ಕೈಗೆ ಕಟ್ಟಿ ಅಲುಗದ ಹಾಗೆ ಮಾಡಿದೆ. ಊರಿನ ಕರಿಬಸಪ್ಪ ಮೋಟರ್‌ಸೈಕಲ್ ತಂದ. ಇವರನ್ನು ನಡುವೆ ಕೂಡಿಸಿ, ಹಿಂದಿನಿಂದ ನಾನು ಹಿಡಿದುಕೊಂಡು ಬಂದೆ. ದಾರಿಯಲ್ಲಿ, "ಸುಜಾತ ಎಲ್ಲದಾಳ?" ಎಂದು ನಾಲ್ಕು ಸಲ ಕೇಳಿದರು. ಕಸ್ತೂರೆಮ್ಮನ ಹತ್ತಿರ ಎಂದು ನಾಲ್ಕು ಸಲ ಹೇಳಿದೆ.

ಡಾಕ್ಟರು ರಕ್ತ ತೆಗೆದು ಗಾಜಿನ ನಳಿಕೆಯಲ್ಲಿಟ್ಟರು. ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟಬೇಕು. ಗಡಿಯಾರ ನೋಡುತ್ತ ನಿಂತೆ. ನಳಿಕೆ ಬಗ್ಗಿಸಿದಾಗ ನೀರಿನ ಹಾಗೆ ಹರಿಯಿತು. ವಸಡಿನಲ್ಲಿಯೂ ರಕ್ತ. ಕೈ ಹೆಗಲಿನವರೆಗೆ ಬಾತಿದೆ. ವಿಷ ಇಳಿಸುವ ಔಷಧಿ ಇಲ್ಲಿ ಇತ್ತು, ಸಲೈನಿನಲ್ಲಿ ಹತ್ತಿಸಿದ್ದಾರೆ. ಮತ್ತೆ ಆರು ತಾಸಿಗೆ ರಕ್ತ ನೋಡುತ್ತಾರೆ.

ಬೇರೆಯವರ ಮನೆಯವರಿಗೆ ಇದೇ ಜಾಗದಲ್ಲಿ ನಿಂತು ಧೈರ್ಯ ಹೇಳಿದ್ದೇನೆ. ಈಗ ನನಗೆ ಹೇಳುವವರು ಯಾರೂ ಇಲ್ಲ. ಹಿತ್ತಲ ಬಾಗಿಲು ಹಾಕಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಅದು ಅಲ್ಲೇ ಇದೆ. ಮಗು ಪಕ್ಕದ ಮನೆಯಲ್ಲೇ ಇದೆ.

ಅಪ್ಪಾ, ನನಗೆ ಭಯವಾಗಾಕತ್ತೈತಿ.

ಯಂಕಿ


ಮಸ್ಕಿ
6 ಸೆಪ್ಟೆಂಬರ್ 1997

ಮಗಳೇ,

ಮೊನ್ನೆ ಆಸ್ಪತ್ರೆಯ ವರಾಂಡಕ್ಕೆ ಬಂದು ಕಿಟಕಿಯಿಂದ ನೋಡಿದೆ. ಆದೆಪ್ಪ ಗಂಜಿ ಕುಡಿಯುತ್ತಿದ್ದ. ರಕ್ತ ಹೆಪ್ಪುಗಟ್ಟಿತೆಂದು ಅಲ್ಲಿಯ ಸಿಸ್ಟರ್ ಹೇಳಿದರು. ನೀನು ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಿ. ಎಬ್ಬಿಸಲಿಲ್ಲ. ಎಬ್ಬಿಸಿದರೆ ಏನು ಮಾತಾಡಬೇಕು ಎಂಬುದು ಗೊತ್ತಿರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಸೂಗಪ್ಪ ಚೀಟಿ ಕೊಟ್ಟಾಗ ನಾನು ರಸ್ತೆಯ ಮೇಲಿದ್ದೆ. ಮರುದಿನದಿಂದ ರಜೆ ಹಾಕಿ, ನನ್ನ ಜೊತೆ ಗ್ಯಾಂಗಿನಲ್ಲಿರುವ ದಾದೇಸಾಬನನ್ನು ಕರೆದುಕೊಂಡು ಗೊರೇಬಾಳಕ್ಕೆ ಹೋದೆ. ಉದ್ದ ಕಾವಿನ ಕತ್ತಿ ಎರಡು, ಬೂಟು ಎರಡು ಜೊತೆ ಒಯ್ದಿದ್ದೆವು. ಹಿತ್ತಲ ಬಾಗಿಲು ಹಾಕಿತ್ತು. ಕಸ್ತೂರೆಮ್ಮ ಬೀಗದ ಕೈ ಕೊಟ್ಟಳು.

ಬಾಗಿಲಿನಿಂದ ಸುರುಮಾಡಿದೆವು. ಮೂವತ್ತು ವರ್ಷ ಹುಲ್ಲಿನಲ್ಲಿ ಕಾಲಿಟ್ಟವನು ನಾನು. ಮೊದಲ ಹೆಜ್ಜೆ ಇಡಲು ಆಗಲಿಲ್ಲ. ದಾದೇಸಾಬ, "ಮೇಸ್ತ್ರಿ, ನೀ ಕುಂದ್ರು, ನಾ ಮಾಡ್ತೀನಿ" ಎಂದ. ಬೇಡವೆಂದು ಇಳಿದೆ. ಜೊಂಡು ಅಲುಗಿದಾಗಲೆಲ್ಲ ನಿಂತೆ. ಗಾಳಿಗೆ ಅಲುಗಿದರೂ ನಿಂತೆ. ಒಂದು ದಿನದ ಕೆಲಸ ಮೂರು ದಿನವಾಯಿತು.

ಸುಜಾತ ಪಕ್ಕದ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. "ನೀ ಯಾರು?" ಎಂದು ಕೇಳಿದಳು. "ಹುಲ್ಲು ಕೊಯ್ಯಾಂವ" ಎಂದೆ. ಬೇರೆ ಏನು ಹೇಳಲಿ? ನನಗೆ ಅರ್ಧ ಬಿಸ್ಕತ್ತು ಕೊಟ್ಟಳು. ಅವಳ ಹುಬ್ಬು ನಿಮ್ಮವ್ವ ಜೋಗಮ್ಮನದು. ನೀನು ಅದನ್ನು ಬರೆದಿರಲಿಲ್ಲ.

ಮೂರನೆಯ ದಿನ, ಕಾಲುವೆಗೆ ಹತ್ತು ಮಾರು ಇರುವಾಗ ಅದು ಸಿಕ್ಕಿತು. ಸುತ್ತಿಕೊಂಡು ಮಲಗಿತ್ತು. ದಾರಿ ಬಿಟ್ಟು ನಿಂತೆವು. ಅದು ಕಾಲುವೆಯ ಕಡೆ ಹೋಗಲಿಲ್ಲ, ಕೊಯ್ದ ಕಡೆಗೆ, ಮನೆಯ ಕಡೆಗೆ ತಿರುಗಿತು. ಬಡಿದೆ. ಕೊಲ್ಲಬಾರದು ಎಂದು ನಂಬಿದವನು ನಾನು. ಆದರೂ ಬಡಿದೆ. ದಾದೇಸಾಬ, "ಸಾಕು, ಸತ್ತೈತಿ, ಬಿಡು" ಎಂದು ಕೈ ಹಿಡಿಯುವ ತನಕ ಬಡಿಯುತ್ತಲೇ ಇದ್ದೆನಂತೆ.

ನಿನ್ನ ಆಗಸ್ಟ್ ತಿಂಗಳ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಈಗ ನಡೆದದ್ದು ಹೇಳುತ್ತೇನೆ. ನಿಮ್ಮವ್ವ ತೀರಿಕೊಂಡ ಆ ವರ್ಷ ಮಳೆ ಹೆಚ್ಚು, ರಸ್ತೆಯ ಕೆಲಸ ಹೆಚ್ಚು. ಸೋಮವಾರ ನಿಮ್ಮವ್ವ, "ಹಿತ್ತಲಾಗ ಕಾಲಿಡಾಕ ಆಗವಲ್ದು, ಒಂದೀಟು ಕೊಯ್ಯಿ" ಎಂದಳು. ನಾಳೆ ಎಂದೆ. ಮಂಗಳವಾರ ನಾಳೆ ಎಂದೆ. ಬುಧವಾರವೂ ಎಂದೆ. ಗುರುವಾರ ಅವಳು ಕೇಳಲಿಲ್ಲ, ತಾನೇ ಕುಡುಗೋಲು ತಗೊಂಡು ಇಳಿದಳು, ಹುಳ ಮುಟ್ಟಿತು. ಇಷ್ಟೇ. ನಾನು ಕುಡಿದಿರಲಿಲ್ಲ, ನನಗೆ ಜಡ್ಡಿರಲಿಲ್ಲ. ತೋಳು ನೋಯುತ್ತಿತ್ತು, ಹುಲ್ಲು ನೋಡಿ ನೋಡಿ ಬೇಸರ ಬಂದಿತ್ತು.

ಮಣ್ಣು ಕೊಡುವಾಗ ಎಲ್ಲರೆದುರು ನೀನು, "ಊರ ದಾರಿ ಹುಲ್ಲು ಕೊಯ್ದಿ, ನಮ್ಮವ್ವನ ದಾರಿ ಹುಲ್ಲು ಕೊಯ್ಯಲಿಲ್ಲ" ಎಂದಿ. ನಾನು ನಿನ್ನ ಮನೆಗೆ ಬರದಿದ್ದದ್ದು ಸಿಟ್ಟಿನಿಂದ ಎಂದು ನೀನು ತಿಳಿದಿರಬಹುದು. ಸಿಟ್ಟಿರಲಿಲ್ಲ. ನೀನು ಮತ್ತೆ ಅದನ್ನೇ ಹೇಳುತ್ತೀ ಎಂಬ ಅಂಜಿಕೆ ಇತ್ತು.

ಹುಲ್ಲು ಮೂರು ವಾರಕ್ಕೆ ಮತ್ತೆ ಬರುತ್ತದೆ, ಬೇರು ಸತ್ತಿಲ್ಲ. ಅದಕ್ಕೆ ಮರಳುವಾಗ ಜಿಲಾನಿಸಾಬರ ಅಂಗಡಿಗೆ ಹೋದೆ. ಕಸ್ತೂರೆಮ್ಮನನ್ನೂ ಕರೆದೊಯ್ದಿದ್ದೆ, ಅವಳು ನಿನ್ನ ಅಳತೆಯವಳು. ನೀನು ನೋಡಿದ ಯಂತ್ರ ರಿಪೇರಿಯಾಗಿತ್ತು, ಗಟ್ಟಿಯಾಗಿಯೂ ಇತ್ತು. ಕಸ್ತೂರೆಮ್ಮ ಅದನ್ನು ಹೆಗಲಿಗೆ ಹಾಕಿ ನಾಲ್ಕು ಹೆಜ್ಜೆ ಹಾಕಿ, "ತಾತ, ನನ್ನ ನಡ ಮುರೀತೈತಿ" ಎಂದಳು. ಎತ್ತಲಾಗದ ಯಂತ್ರ ಎಷ್ಟು ಒಳ್ಳೆಯದಾದರೂ ಮೂಲೆಯಲ್ಲೇ ಇರುತ್ತದೆ, ಹುಲ್ಲು ಬೆಳೆಯುತ್ತದೆ. ಅದಕ್ಕಿಂತ ಸಣ್ಣದೊಂದು ಬಂದಿತ್ತು, ಅದೂ ಪೆಟ್ರೋಲಿನದು, ಅಲಗಿನದು, ತಗಡಿನ ಮರೆ ಇದೆ. ಆರು ಸಲ ಚಾಲೂ ಮಾಡಿಸಿದೆ. ಆರು ಸಲವೂ ಎರಡನೆಯ ಜಗ್ಗಿಗೆ ಹತ್ತಿತು. ದುಡ್ಡು ಕೊಟ್ಟು ಅದನ್ನು ನಿನ್ನ ಹೆಸರಿಗೆ ಅಂಗಡಿಯಲ್ಲೇ ಇಟ್ಟು ಬಂದಿದ್ದೇನೆ. ಜಿಲಾನಿಸಾಬರು ಒಳ್ಳೆಯ ಮನುಷ್ಯ. ದಾರದ ಯಂತ್ರ ಕೊಟ್ಟದ್ದಕ್ಕೆ ಅತ್ತುಬಿಟ್ಟರು. ತಪ್ಪು ಅವರದಲ್ಲ ಎಂದು ಹೇಳಿದೆ.

ಬೂಟು ಬಾಗಿಲ ಹಿಂದೆ ಇಟ್ಟಿದ್ದೇನೆ. ಹಾಕುವ ಮುನ್ನ ಬೋರಲು ಮಾಡಿ ಜಾಡಿಸು.

ನಿನ್ನಪ್ಪ


ಗೊರೇಬಾಳ
9 ಅಕ್ಟೋಬರ್ 1997

ಅಪ್ಪಾ,

ತಡವಾಗಿ ಬರೆಯುತ್ತಿದ್ದೇನೆ. ಇವರ ಕೈ ಬಾವು ಇಳಿದಿದೆ. ಎರಡು ಬೆರಳು ಇನ್ನೂ ಮಡಚಲಾಗುವುದಿಲ್ಲ. ಟಿಕೆಟ್ ಹರಿಯಲು ಆಗದ ಕಾರಣ ಡಿಪೊದವರು ಸದ್ಯಕ್ಕೆ ಆಫೀಸಿನ ಕೆಲಸ ಕೊಟ್ಟಿದ್ದಾರೆ. "ಮಾವಾರ ಮಾತು ಕೇಳಬೇಕಾಗಿತ್ತು" ಎಂದು ದಿನಕ್ಕೊಮ್ಮೆ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಆಸ್ಪತ್ರೆಯಿಂದ ಬಂದ ದಿನ ಹಿತ್ತಲ ಬಾಗಿಲು ತೆಗೆದಾಗ ಕಾಲುವೆಯ ನೀರು ಕಂಡಿತು. ಇಲ್ಲಿಗೆ ಬಂದು ಮೂರು ತಿಂಗಳಾದರೂ ನಮ್ಮ ಮನೆಯಿಂದ ಕಾಲುವೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ಹುಲ್ಲು ನೀನು ಹೇಳಿದ ಲೆಕ್ಕಕ್ಕೇ ಮತ್ತೆ ಬಂತು. ಮೊಣಕಾಲಿಗೆ ಬಂದಾಗ, ಇನ್ನು ತಡ ಮಾಡಬಾರದೆಂದು ಹೋದ ಭಾನುವಾರ ನಾನೇ ಇಳಿದೆ. ಇವರು ಬಾಗಿಲಲ್ಲಿ ನಿಂತು, "ಬ್ಯಾಡ ಯಂಕಿ, ಯಾರನ್ನಾರ ಕರಸೂಣು" ಎಂದರು. ಯಾರನ್ನು ಕರೆಸುವುದು? ಅವರಿಗೂ ಮಕ್ಕಳಿದ್ದಾರೆ. ಬೂಟು ಜಾಡಿಸಿ ಹಾಕಿಕೊಂಡೆ. ಬಡಿಗೆಯಿಂದ ಬಡಿದು ನೂರು ಎಣಿಸಿದೆ. ಮೂವತ್ತೇ ಸಾಕಿತ್ತು. ನೀನು ನನ್ನ ಹೆಸರಿಗಿಟ್ಟ ಯಂತ್ರವನ್ನು ಅಂಗಡಿಯಿಂದ ತಂದಿದ್ದೆ, ಎರಡನೆಯ ಜಗ್ಗಿಗೆ ಹತ್ತಿತು. ಆ ಸದ್ದಿನಲ್ಲಿ ಸೀಟಿ ಹೊಡೆದರೂ ನನಗೆ ಕೇಳಿಸುವುದಿಲ್ಲವಲ್ಲ ಎಂದು ಅರ್ಧಕ್ಕೇ ನೆನಪಾಯಿತು. ನಿಲ್ಲಿಸಿದೆ. ಕಿವಿಗೊಟ್ಟೆ. ಮತ್ತೆ ಚಾಲೂ ಮಾಡಿದೆ. ಬಿಸಿಯಾಗಿದ್ದರೂ ಹತ್ತಿತು. ಹೀಗೆ ಹತ್ತು ಹನ್ನೆರಡು ಸಲ ನಿಲ್ಲಿಸಿ ನಿಲ್ಲಿಸಿ ಕಾಲುವೆಯ ತನಕ ಹೋದೆ. ಒಂದು ಓತಿಕ್ಯಾತ, ಎರಡು ಕಪ್ಪೆ ಬಿಟ್ಟರೆ ಏನೂ ಇರಲಿಲ್ಲ.

ಭಯ ಹೋಗಿಲ್ಲ. ನನಗನಿಸುತ್ತದೆ, ಇದು ಹೋಗುವ ಭಯವಲ್ಲ. ಮೂರು ವಾರಕ್ಕೊಮ್ಮೆ ಅದನ್ನು ಜೊತೆಗೇ ಕರೆದುಕೊಂಡು ಇಳಿಯಬೇಕು.

ನೀನು ಬರೆದದ್ದನ್ನು ಇವರಿಗೆ ಓದಿ ಹೇಳಲಿಲ್ಲ. ನಾನೊಬ್ಬಳೇ ಓದಿಕೊಂಡೆ. ಆ ದಿನ ನಾನು ಹೇಳಿದ ಮಾತು ಸುಳ್ಳಲ್ಲ, ಅದನ್ನು ಹಿಂದಕ್ಕೆ ತಗೊಳ್ಳಲು ನನಗೆ ಬರುವುದಿಲ್ಲ. ಆದರೆ ಅಷ್ಟು ಜನರೆದುರು, ಕೈಯಲ್ಲಿ ಮಣ್ಣು ಹಿಡಿದು ನಿಂತವನಿಗೆ ಹೇಳಬಾರದಿತ್ತು. ಅದೂ ಅಲ್ಲದೆ ಆ ವಾರ ಮಸ್ಕಿಗೆ ಬಾ ಎಂದು ಅವ್ವ ನನಗೂ ಹೇಳಿ ಕಳಿಸಿದ್ದಳು. ಮುಂದಿನ ವಾರ ಬರುತ್ತೇನೆ ಎಂದಿದ್ದೆ. ಇದನ್ನು ಈ ತನಕ ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ.

ಸುಜಾತಳಿಗೆ ನೀನು ಯಾರೆಂದು ಹೇಳಿದ್ದೇನೆ. ನಂಬಲಿಲ್ಲ. "ತಾತ ಅಂದ್ರ ಒಳಗ ಬಂದು ಕುಂದ್ರತಾನ, ಅಂವ ಬರಲಿಲ್ಲಲ್ಲ" ಎಂದಳು.

ಈ ಭಾನುವಾರ ಎಲ್ಲರೂ ಮನೆಯಲ್ಲಿರುತ್ತೇವೆ. ರೊಟ್ಟಿ, ಪುಂಡಿಪಲ್ಯ ಮಾಡುತ್ತೇನೆ. ಮಸ್ಕಿಯಿಂದ ಒಂಬತ್ತಕ್ಕೊಂದು ಬಸ್ಸಿದೆ, ಆಮೇಲೆ ಹನ್ನೊಂದಕ್ಕೊಂದು. ಯಾವುದಕ್ಕೆ ಬಂದರೂ ಸರಿ, ನೀನು ಬರುವ ತನಕ ನಾವು ಉಣ್ಣುವುದಿಲ್ಲ.

ನಿನ್ನ ಯಂಕಿ